ಮೇಜಿನ ಅಂಗಭಂಗ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಾಳಗಡಿಯ ಮೆಡಿಕಲ್ ಶಾಪಿನಲ್ಲಿ. ನನ್ನ ಬಿ.ಪಿ. ಮಾತ್ರೆಗಳನ್ನು ಕವರಿಗೆ ಹಾಕುತ್ತ ಅಂಗಡಿಯವರು, "ನಿಮ್ಮ ಸ್ಕೂಲಿನ ಡ್ರಿಲ್ ಮಾಸ್ಟ್ರು ಹೋಗ್ಬಿಟ್ರಂತಲ್ಲ ಮೇಡಂ. ಪಾಪ, ಭಾರೀ ಶಿಸ್ತಿನ ಜನ," ಎಂದರು. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ನಮ್ಮೂರಿನಲ್ಲಿ ಯಾವ ಮೇಷ್ಟರು ಸತ್ತರೂ ಮಾರನೆಯ ದಿನವೇ ಶಿಸ್ತಿನ ಜನ ಆಗಿಬಿಡುತ್ತಾರೆ. ಅಶಿಸ್ತು ಎಂದು ಹೇಳಿ ನಾವೇ ಹೊರಗೆ ಕಳಿಸಿದ ಮನುಷ್ಯ ಇವರು. ಅಷ್ಟನ್ನಾದರೂ ನೆನಪಿಟ್ಟುಕೊಳ್ಳಬೇಡವೆ?

ನಾವು, ಅಂದರೆ ಕೊಪ್ಪದ ಒಂದು ಶಾಲೆ. ಹೆಸರು ಬೇಡ. ಅವರ ಹೆಸರೂ ಬೇಡ, ಊರಿಗೆಲ್ಲ ಅವರು ಡ್ರಿಲ್ ಮಾಸ್ಟ್ರೇ. ನಾನು ಅಲ್ಲಿ ಇಂಗ್ಲಿಷ್ ಟೀಚರ್, ಅವರು ಆಟದ ಮೇಷ್ಟರು. ಹತ್ತೊಂಬತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಟೀ ಕುಡಿದೆವು. ಕುಳ್ಳಗಿನ, ಗಟ್ಟಿ ಆಳು. ಬಿಳಿಯ ಕ್ಯಾನ್ವಾಸ್ ಶೂಗಳಿಗೆ ಸೀಮೆಸುಣ್ಣ ಅರೆದು ಹಚ್ಚಿಕೊಂಡು ಬರುತ್ತಿದ್ದರು. ಕೊರಳಲ್ಲಿ ವಿಸಿಲ್. ಏನಾದರೂ ಯೋಚನೆ ಹತ್ತಿದರೆ ಅದನ್ನು ಊದದೆ ಹಲ್ಲಿನ ನಡುವೆ ಕಚ್ಚಿಕೊಂಡು ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಎಂದೆ, ಏಕೆಂದರೆ ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ನನ್ನದಕ್ಕೆ ಕುಶನ್ ಇತ್ತು. ಹತ್ತೊಂಬತ್ತು ವರ್ಷ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅದನ್ನು ನಾವು ಗುಡ್ ಮ್ಯಾನರ್ಸ್ ಅನ್ನುತ್ತಿದ್ದೆವು, ಕಾಣದೇ ಇರುವುದನ್ನು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಾಲೆಗೆ ಆರು ಕಂಪ್ಯೂಟರುಗಳು ಬಂದವು. ಅವುಗಳನ್ನು ಎಲ್ಲಿಡುವುದು? ಹಳೆಯ ಸೈನ್ಸ್ ಲ್ಯಾಬಿನ ಟೇಬಲ್ಲುಗಳಿದ್ದವು. ನಿಂತುಕೊಂಡು ಪ್ರಯೋಗ ಮಾಡಲಿಕ್ಕೆಂದು ಎದೆಯೆತ್ತರಕ್ಕೆ ಮಾಡಿಸಿದ ಹೊನ್ನೆ ಮರದ ಟೇಬಲ್ಲುಗಳು, ಅವಕ್ಕೆ ತಕ್ಕ ಎತ್ತರದ ಸ್ಟೂಲುಗಳು. ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮನೆಯವರು ತಮ್ಮ ಅಜ್ಜನ ಜ್ಞಾಪಕಾರ್ಥ ಕೊಟ್ಟದ್ದು. ಒಂದೊಂದರ ಅಂಚಿಗೂ ಆ ಅಜ್ಜನ ಹೆಸರನ್ನು ಹಳದಿ ಬಣ್ಣದಲ್ಲಿ ಬರೆಸಿದ್ದರು. ಕಂಪ್ಯೂಟರುಗಳು ಅವುಗಳ ಮೇಲೆ ಏರಿ ಕುಳಿತವು. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಬಂದವರು ಕೈಮುಗಿಯಬೇಕು. ಆಯುಧಪೂಜೆಗೆ ಗಂಧ ಕುಂಕುಮ ಎಷ್ಟು ಹಚ್ಚಿದರೆಂದರೆ ಒಂದು ಕೀಬೋರ್ಡಿನ 'ಎಸ್' ಅಕ್ಷರ ಅಂಟಿಕೊಂಡು ಕೂತಿತು. ದೀಪಾವಳಿಯವರೆಗೂ ಆ ಕಂಪ್ಯೂಟರಿನಲ್ಲಿ ನಮ್ಮದು 'ಸ್ಕೂಲ್' ಅಲ್ಲ, ಬರೀ 'ಚೂಲ್'.

ಕಲಿಸಲು ಶಿವಮೊಗ್ಗದಿಂದ ಬಂದಿದ್ದ ಹೊಸ ಟೀಚರ್ ಆರು ತಿಂಗಳಿಗೆ ಬಿಟ್ಟು ಹೋದಳು. ಗಣಿತದವರು ನನಗೆ ಬೇಡ ಎಂದರು, ವಿಜ್ಞಾನದವರೂ ಬೇಡ ಎಂದರು. ಆಟದ ಸಾಮಾನಿನ ಕೋಣೆಗೆ ಒಳ್ಳೆಯ ಬೀಗವಿದೆ ಎಂಬ ಒಂದೇ ಕಾರಣಕ್ಕೆ ಕಂಪ್ಯೂಟರ್ ರೂಮಿನ ಕೀಲಿಕೈ ಅಲ್ಲಿ ನೇತಾಡುತ್ತಿತ್ತು. ಕೀಲಿಕೈ ಯಾರ ಹತ್ತಿರವೋ ಪೀರಿಯಡ್ಡೂ ಅವರದ್ದೇ ಎಂದಾಯಿತು.

"ಮಾಸ್ಟ್ರೇ, ನಿಮಗೆ ಕಂಪ್ಯೂಟರ್ ಬರ್ತದಾ?" ಎಂದು ಕೇಳಿದೆ, ಸ್ವಲ್ಪ ತಮಾಷೆಯಾಗಿಯೇ.

"ಇಲ್ಲ ಮೇಡಂ. ನಂಗೆ ಬೆನ್ನು ಬರ್ತದೆ."

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಒಂದು ಹಾಳೆ ಇತ್ತಂತೆ, ಎಲ್ಲರೂ ರದ್ದಿಗೆ ಹಾಕುವಂಥದ್ದು. ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಇದ್ರಲ್ಲಿ ಒಬ್ಬ ಕೂತಿದಾನೆ. ಸುತ್ತ ಬಾಣ ಬಿಟ್ಟು ಎಂತೆಲ್ಲ ಬರ್ದಿದಾರೆ. ಹೇಳಿ, ಬರ್ಕೊಳ್ತೀನಿ." ನಾನು ಓದಿ ಹೇಳಿದೆ. ಪಾದ ಪೂರ್ತಿ ನೆಲಕ್ಕೆ ತಾಗಿರಬೇಕು. ಬೆನ್ನಿಗೆ ಆಸರೆ ಇರಬೇಕು. ಮೊಣಕೈ ಮೇಜಿನ ಮಟ್ಟಕ್ಕಿರಬೇಕು, ಮಣಿಕಟ್ಟು ಬಗ್ಗಬಾರದು. ಪರದೆ ಒಂದು ತೋಳು ದೂರ, ಕಣ್ಣಿನ ಮಟ್ಟ. ಆಗಾಗ ಎದ್ದು ದೂರ ನೋಡಬೇಕು. ಅವರು ನೋಟ್ ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ನಾನು ಸುಮ್ಮನಿರದೆ ನನ್ನ ಕಾನ್ವೆಂಟ್ ಪುರಾಣ ತೆಗೆದೆ. ನಮಗೆ ಸಿಸ್ಟರ್ ಒಬ್ಬರು ಡಿಪೋರ್ಟ್‌ಮೆಂಟ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು, ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ಬೀಳಿಸದೆ ನಡೆಯಬೇಕಿತ್ತು, ಲೇಡೀಸ್ ಹಾಗೆ.

"ತಲೆ ಮೇಲೆ ಪುಸ್ತಕವಾ?" ಅವರಿಗೆ ನಿಜಕ್ಕೂ ಆಶ್ಚರ್ಯ. "ಪುಸ್ತಕ ಎಂತಕ್ಕೆ ಮೇಡಂ? ನಮ್ಮಲ್ಲಿ ಸೊಪ್ಪಿನ ಹೊರೆ ಇತ್ತು."

ನಾನು ನಕ್ಕೆ. ಅವರು ನಗಿಸಲು ಹೇಳಿದ್ದಲ್ಲ ಎಂದು ಈಗ ಗೊತ್ತಾಗುತ್ತದೆ. ನನಗೆ ಬೆನ್ನು ಎಂದರೆ ಚೆಂದ. ಅವರಿಗೆ ಬೆನ್ನು ಎಂದರೆ ದುಡಿಮೆ.

ಮೊದಲ ಒಂದು ತಿಂಗಳು ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಹೇಗೂ ಅರ್ಧ ದಿನ ಕರೆಂಟ್ ಇರುತ್ತಿರಲಿಲ್ಲ. ಕಪ್ಪು ಪರದೆಯ ಮುಂದೆ ಮಕ್ಕಳನ್ನು ಕೂರಿಸಿ ಕೂರುವುದನ್ನೇ ಕಲಿಸಿದರು. ಗೋಡೆ ನೇರವಾಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಇರುತ್ತದಲ್ಲ, ಅದನ್ನು ಎಲ್ಲಿಂದಲೋ ತಂದಿದ್ದರು. ಮಗುವಿನ ಕಿವಿಯ ಪಕ್ಕದಿಂದ ಇಳಿಬಿಟ್ಟು, ಕಿವಿ, ಭುಜ, ಸೊಂಟ ಒಂದೇ ಗೆರೆಗೆ ಬರುತ್ತದೆಯೇ ಎಂದು ನೋಡುತ್ತಿದ್ದರು. "ಕುತ್ತಿಗೆ ಮುಂದೆ ಹೋಯ್ತು ನೋಡು. ಆಮೆಯಾ ನೀನು? ಕಂಪ್ಯೂಟರ್ ನಿನ್ನನ್ನ ನೋಡ್ಲಿ ಮಾರಾಯ, ನೀನು ಅದ್ರೊಳಗೆ ಇಣುಕಬೇಡ."

ಅವರಿಗೆ ಅಡ್ಡ ಬಂದದ್ದು ಮಕ್ಕಳ ಮರ್ಯಾದೆ. ಪ್ಲಾಸ್ಟಿಕ್ ಕುರ್ಚಿ ತರಿಸಿ "ಒರಗಿ ಕೂರಿ" ಎಂದರೆ ಒಬ್ಬರೂ ಒರಗುತ್ತಿರಲಿಲ್ಲ. ದೊಡ್ಡವರೆದುರು ಒರಗಿ ಕೂರುವುದು ನಮ್ಮಲ್ಲಿ ಸೊಕ್ಕು. ಮನೆಯಲ್ಲಿ ಅಜ್ಜನೆದುರು ಗೋಡೆಗೆ ಬೆನ್ನು ಕೊಟ್ಟರೆ "ಎಲುಬಿಲ್ವಾ ನಿಂಗೆ?" ಎಂದು ಬೈಸಿಕೊಂಡೇ ಬೆಳೆದ ಮಕ್ಕಳು. ಮೇಷ್ಟರು ಎದುರಿಗಿದ್ದಷ್ಟು ಹೊತ್ತೂ ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕೂರುತ್ತಿದ್ದವು. ಕೊನೆಗೆ ಅವರು ಒಂದು ಉಪಾಯ ಮಾಡಿದರು. "ನಾನು ಮೇಷ್ಟ್ರಲ್ಲ, ಇಲ್ಲಿ ಇಲ್ಲವೇ ಇಲ್ಲ," ಎಂದು ಹೇಳಿ ಹೊರಗೆ ಹೋಗಿ ಕಿಟಕಿಯಿಂದ ಪಾಠ ಮಾಡಿದರು. ಕಾರಿಡಾರಿನಲ್ಲಿ ನಿಂತು ಕಿಟಕಿಯ ಸರಳು ಹಿಡಿದುಕೊಂಡು "ಒರಗಿ! ಇನ್ನೂ ಒರಗಿ! ಯಾರೂ ನೋಡ್ತಿಲ್ಲ!" ಎಂದು ಕೂಗುತ್ತಿದ್ದ ಆ ಮನುಷ್ಯನನ್ನು ನೋಡಿ ನಾವು ಟೀಚರುಗಳು ಸೆರಗು ಅಡ್ಡ ಹಿಡಿದು ನಕ್ಕಿದ್ದೇವೆ. ಸ್ವಲ್ಪ ಸ್ವಲ್ಪವಾಗಿ ಮಕ್ಕಳು ಒರಗಲು ಕಲಿತವು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ವಿಸಿಲ್. ಎಲ್ಲರೂ ಎದ್ದು, ಭುಜ ತಿರುಗಿಸಿ, ಕಿಟಕಿಯಾಚೆ ಗುಡ್ಡ ನೋಡಬೇಕು. ನನ್ನ ಗ್ರಾಮರ್ ಕ್ಲಾಸಿನಲ್ಲೂ ಒಂದು ದಿನ ಯಾವಳೋ ಎದ್ದು ನಿಂತು, "ಮಿಸ್, ಒಂದ್ಸಲ ಗುಡ್ಡ ನೋಡ್ಲಾ?" ಎಂದಳು. ಕೂರು ಎಂದು ಗದರಿದೆ. ನೋಡಲಿ ಎನ್ನಬಹುದಿತ್ತು.

ಆದರೆ ಕುರ್ಚಿ ಬಂದರೂ ಟೇಬಲ್ ಅಷ್ಟೇ ಎತ್ತರ. ಕುರ್ಚಿಯಲ್ಲಿ ಕೂತರೆ ಮಗುವಿನ ಗದ್ದ ಕೀಬೋರ್ಡಿಗೆ ಬರುತ್ತಿತ್ತು. ಸ್ಟೂಲಿನಲ್ಲಿ ಕೂತರೆ ಕೈ ಮುಟ್ಟುತ್ತಿತ್ತು, ಆದರೆ ಬೆನ್ನಿಗೆ ಆಸರೆ ಇಲ್ಲ, ಕಾಲು ಗಾಳಿಯಲ್ಲಿ. ಮಕ್ಕಳು ಕಾಲೂರಲೆಂದು ಮೇಷ್ಟರು ಸ್ಟೂಲಿನ ಮುಂದೆ ಇಟ್ಟಿಗೆ ಪೇರಿಸಿದರು. ಮಕ್ಕಳು ಎಡವಿದವು, ಗುಡಿಸುವವಳು ಗೊಣಗಿದಳು, ಇಟ್ಟಿಗೆ ಹೊರಗೆ ಹೋಯಿತು. ಟೇಬಲ್ಲಿನ ಕಾಲನ್ನು ಒಂದು ಗೇಣು ಕತ್ತರಿಸಲು ಅನುಮತಿ ಬೇಕೆಂದು ಮಂಡಳಿಗೆ ಅರ್ಜಿ ಕೊಟ್ಟರು. ಒಂದು ಟರ್ಮ್ ಪೂರ್ತಿ ಉತ್ತರವಿಲ್ಲ.

ಆಗ ಏಳನೇ ಕ್ಲಾಸಿನ ಒಂದು ಹುಡುಗಿಯ ಬೆರಳು ಮಿಂಚಿನ ಹಾಗೆ ಓಡುತ್ತಿತ್ತು. ನರಸಿಂಹರಾಜಪುರದಲ್ಲಿ ಶಾಲೆ ಶಾಲೆಗಳ ನಡುವೆ ಟೈಪಿಂಗ್ ಸ್ಪರ್ಧೆ ಇತ್ತು, ಇವಳು ಕಪ್ ತರುತ್ತಾಳೆ ಎಂದು ಕಾರ್ಯದರ್ಶಿಗಳಿಗೆ ಭಾರೀ ಉಮೇದು. ಊಟದ ಹೊತ್ತು, ಶಾಲೆ ಬಿಟ್ಟ ಮೇಲೆ, ಸ್ಟೂಲು ಹತ್ತಿ ಪ್ರಾಕ್ಟೀಸ್. ಡಿಸೆಂಬರಿನ ಒಂದು ಮಧ್ಯಾಹ್ನ ಅವಳು ಕೈ ಕೊಡವುತ್ತ ನಿಂತಿದ್ದಳು. ನಾನು ಅಲ್ಲೇ ಇದ್ದೆ.

"ಎಂತಾಯ್ತು?" ಮೇಷ್ಟರು ಕೇಳಿದರು.

"ಬೆರಳು ಜುಂ ಅಂತವೆ ಸರ್."

"ಮನೇಲಿ ಅಡಿಕೆ ಸುಲೀತೀಯಾ?"

"ಹೂಂ ಸರ್. ಅಮ್ಮನ ಜೊತೆ."

ಅವಳ ಅಮ್ಮ ಇಲ್ಲೇ ಕೊಪ್ಪದ ಪಕ್ಕದ ನಾರ್ವೆ ಎಂಬ ಊರಿನ ಕಡೆಯವಳು, ಸುಗ್ಗಿಯಲ್ಲಿ ಕೂಲಿಗೆ ಅಡಿಕೆ ಸುಲಿಯುವವಳು. ಮಣೆಗೆ ಸಿಕ್ಕಿಸಿದ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು, ಕಾಯಿಯನ್ನು ಒತ್ತಿ ತಿರುಗಿಸಿ ಸಿಪ್ಪೆ ಬಿಡಿಸುವ ಕೆಲಸ, ದಿನಕ್ಕೆ ಎಷ್ಟು ಸಾವಿರ ಸಲವೋ. ಮೇಷ್ಟರು ಹುಡುಗಿಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಲು ಹೇಳಿದರು, ಅಂಗೈಯ ಬುಡ ಒತ್ತಿ ನೋಡಿದರು. ಮಣಿಕಟ್ಟಿನ ಮೇಲೆ ಟೇಬಲ್ಲಿನ ಅಂಚು ಒತ್ತಿ ಕೆಂಪು ಗೆರೆ ಬಿದ್ದಿತ್ತು. ಅವಳನ್ನು ಮನೆಗೆ ಕಳಿಸಿ, ವಿಸಿಲ್ ಕಚ್ಚಿಕೊಂಡು ಬಹಳ ಹೊತ್ತು ನಿಂತರು.

"ನಮ್ಮಮ್ಮನೂ ಅಡಿಕೆ ಸುಲಿತಿದ್ಲು ಮೇಡಂ. ಕಡೆಕಡೆಗೆ ಅನ್ನ ಕಲ್ಸಕ್ಕೆ ಬರ್ತಿರ್ಲಿಲ್ಲ. ಲೋಟ ಕೊಟ್ರೆ ಕೈಯಿಂದ ಜಾರದು. ನಾವು ಮೆಟ್ಟುಗತ್ತಿ ಬಿಟ್ಟು ಇಸ್ಕೂಲಿಗೆ ಬಂದಿದ್ದು ಎಂತಕ್ಕೆ? ಇಲ್ಲಿ ಕಲ್ತೂ ಅದೇ ಕೈ ಆಗೋದಾದ್ರೆ ಅಲ್ಲೇ ಇರ್ಬಹುದಿತ್ತಲ್ಲ?"

ಹುಡುಗಿಯನ್ನು ಸ್ಪರ್ಧೆಗೆ ಕಳಿಸುವುದಿಲ್ಲ ಎಂದುಬಿಟ್ಟರು. ಸಂಕ್ರಾಂತಿ ರಜೆಯ ದಿನ ಒಬ್ಬರೇ ಬಂದು, ಬಡಗಿಯಿಂದ ಗರಗಸ ಕಡ ತಂದು, ಆರೂ ಟೇಬಲ್ಲಿನ ಇಪ್ಪತ್ನಾಲ್ಕು ಕಾಲುಗಳನ್ನು ಒಂದು ಗೇಣು ಕತ್ತರಿಸಿದರು. ಅಜ್ಜನ ಹೆಸರಿಗೆ ಗೀರೂ ಆಗದ ಹಾಗೆ. ರಜೆ ಮುಗಿಸಿ ಬಂದು ನೋಡಿದರೆ ಮಕ್ಕಳೆಲ್ಲ ಕುರ್ಚಿಯಲ್ಲಿ ಒರಗಿ ಕೂತಿದ್ದಾರೆ, ಪಾದ ನೆಲದ ಮೇಲಿದೆ, ಕೈ ಮೇಜಿನ ಮಟ್ಟಕ್ಕಿದೆ. ಪೆಟ್ಟಿಗೆಯ ಹಾಳೆಯಲ್ಲಿದ್ದ ಚಿತ್ರ ಆರು ಪ್ರತಿಯಾದ ಹಾಗೆ. ಎರಡು ವಾರದಲ್ಲಿ ಆ ಹುಡುಗಿ, "ಜುಂ ಅನ್ನೋದು ಕಮ್ಮಿಯಾಯ್ತು ಸರ್," ಎಂದಳು.

ಮೂರನೆಯ ವಾರ ಕಾರ್ಯದರ್ಶಿಗಳು ಬಂದರು. ಅವರು ಒಳಗೆ ಕಾಲಿಟ್ಟಾಗ ಸರಿಯಾಗಿ ವಿಸಿಲ್ ಆಗಿ ಮಕ್ಕಳೆಲ್ಲ ಅವರಿಗೆ ಬೆನ್ನು ಹಾಕಿ ಗುಡ್ಡ ನೋಡುತ್ತಿದ್ದವು. ಆಮೇಲೆ ಟೇಬಲ್ ಕಂಡಿತು.

"ನಮ್ಮಜ್ಜನ ಹೆಸರಿನ ಟೇಬಲ್ ಮಾರಾಯ್ರೇ ಇದು! ಕಾಲು ಕಡ್ದಿದೀರಲ್ಲ!"

"ಹೆಸ್ರು ಹಂಗೇ ಉಂಟು ಸರ್. ಕಾಲು ಮಾತ್ರ."

"ಕಾಲು ಮಾತ್ರ! ನಿಮ್ಮಜ್ಜಂದು ಕಡ್ದಿದ್ರೆ ಗೊತ್ತಾಗ್ತಿತ್ತು ನಿಮಗೆ!"

ಅಲ್ಲಿಂದ ನೇರ ನನ್ನ ಹತ್ತಿರ ಬಂದರು. "ಮೇಡಂ, ಒಂದು ಮೆಮೊ ಬರೀಬೇಕು. ಇಂಗ್ಲಿಷಲ್ಲೇ ಆಗ್ಬೇಕು. ಕನ್ನಡದಲ್ಲಿ ಬರೆದ್ರೆ ಜಗಳ ಆಡಿದಂಗೆ ಕಾಣ್ತದೆ."

ನಾನು ಬರೆದೆ. ಇದನ್ನು ಹೇಳಲಿಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಅವರು 'ಕಟಿಂಗ್' ಎಂದು ಹೇಳಿದ್ದರು. ಅದು ಸಪ್ಪೆಯೆನಿಸಿ ನಾನೇ ಹೊಡೆದುಹಾಕಿ 'ಮ್ಯುಟಿಲೇಶನ್ ಆಫ್ ಇನ್‌ಸ್ಟಿಟ್ಯೂಷನಲ್ ಪ್ರಾಪರ್ಟಿ' ಎಂದು ಬರೆದೆ. ಬರೆದು ಒಂದು ಸಲ ಓದಿಕೊಂಡೆ. ಸಿಸ್ಟರ್ ಇದ್ದಿದ್ದರೆ ಮಾರ್ಜಿನ್ನಿನಲ್ಲಿ 'ಗುಡ್' ಎಂದು ಬರೆಯುತ್ತಿದ್ದರು ಅನ್ನಿಸಿತು. ಅರವತ್ತರ ಹತ್ತಿರ ಬಂದವಳಿಗೆ ಆ 'ಗುಡ್' ಬೇಕಿತ್ತು.

ಮಾರನೆಯ ದಿನ ನಾಲ್ಕು ಗಂಟೆಗೆ ಮೇಷ್ಟರು ಅದೇ ಕಾಗದ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು. "ಓದಿ ಹೇಳಿ ಮೇಡಂ." ನನ್ನ ವಾಕ್ಯವನ್ನು ನನ್ನ ಬಾಯಲ್ಲೇ ಓದಿದೆ.

"ಆ ಉದ್ದದ ಶಬ್ದ ಎಂತದು? ಮ್ಯುಟಿ..."

"ಮ್ಯುಟಿಲೇಶನ್. ಅಂದ್ರೆ... ಅಂಗಭಂಗ."

"ಟೇಬಲ್ಲಿಗಾ?"

"ಹೂಂ."

ಅವರು ಜೋರಾಗಿ ನಕ್ಕುಬಿಟ್ಟರು. ನಗು ನಿಂತ ಮೇಲೆ ಕೇಳಿದರು. "ಟೇಬಲ್ಲಿಗೇ ಇಷ್ಟು ದೊಡ್ಡ ಶಬ್ದ ಉಂಟಲ್ಲ ಮೇಡಂ. ಆ ಹುಡುಗಿ ಕೈಗೆ ಇಂಗ್ಲಿಷಲ್ಲಿ ಎಂತ ಶಬ್ದ ಉಂಟು?"

ನಾನು ಕಾಗದವನ್ನು ಅವರ ಕಡೆಗೆ ಸರಿಸಿದೆ.

"ಇದು ನೀವೇ ಬರ್ದಿದ್ದಲ್ವಾ?"

"ಹೌದು."

"ಗೊತ್ತಾಯ್ತು. ಇಲ್ಲಿ ಇನ್ಯಾರಿಗೆ ಇಂಥ ಇಂಗ್ಲಿಷ್ ಬರ್ತದೆ? ಹಂಗಾರೆ ಉತ್ತರಾನೂ ನೀವೇ ಬರ್ದು ಕೊಡಿ. ಚೆನ್ನಾಗಿರ್ತದೆ."

ಅದರಲ್ಲಿ ಚುಚ್ಚುಮಾತು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಬೇಕಿತ್ತು ಅವರು. ಈ ಜನ ಬೈಯುವುದಿಲ್ಲವಲ್ಲ ಎಂದು ಅವರ ಮೇಲೂ ನನಗೆ ಸಿಟ್ಟಿದೆ.

ಉತ್ತರವನ್ನೂ ಬರೆದೆ. ಕಾರ್ಯದರ್ಶಿಗಳು ಒಂದು ದಾರಿ ಬಿಟ್ಟಿದ್ದರು. ಕತ್ತರಿಸಿದ್ದು ತಪ್ಪಾಯಿತು ಎಂದು ಸಹಿ ಹಾಕಿಕೊಟ್ಟರೆ ಮುಗಿಯಿತು. ಮೇಷ್ಟರಿಗೆ ನಿವೃತ್ತಿಗೆ ಮೂರು ವರ್ಷವಿತ್ತು. 'ಐ ಸಿನ್ಸಿಯರ್ಲಿ ರಿಗ್ರೆಟ್' ಎಂದು ಶುರುವಾಗಿ ಎಂಟು ಸಾಲು, ಬೆಣ್ಣೆಯ ಹಾಗೆ. ಓದಿ ಅರ್ಥ ಹೇಳಿದೆ.

"ತಪ್ಪಾಯ್ತು ಅಂತ ಬರ್ದಿದೀರಾ?"

"ಅದು ಬರೀ ಫಾರ್ಮ್ಯಾಲಿಟಿ ಮಾಸ್ಟ್ರೇ. ಸರ್ವಿಸ್ ಉಳೀತದೆ."

"ಹಂಗಾರೆ ನಾಳೆ ಮಕ್ಕಳಿಗೆ ಎಂತ ಹೇಳ್ಲಿ? ಟೇಬಲ್ ಸರಿ ಇತ್ತು, ನಿಮ್ಮ ಕೈಕಾಲೇ ತಪ್ಪು ಅಂತ ಹೇಳ್ಲಾ?"

ಕಾಗದವನ್ನು ಮಡಿಸಿ, ಹರಿಯದೆ, ಮರ್ಯಾದೆಯಿಂದ ನನ್ನ ಟೇಬಲ್ಲಿನ ಮೇಲಿಟ್ಟು ಹೋದರು. ತಾವೇ ಕನ್ನಡದಲ್ಲಿ ಉತ್ತರ ಬರೆದುಕೊಟ್ಟರು. ಅದನ್ನು ನಾನು ಆಫೀಸಿನಲ್ಲಿ ನೋಡಿದ್ದೇನೆ. 'ಟೇಬಲ್ ಎತ್ತರ ಇತ್ತು. ಮಕ್ಕಳು ಗಿಡ್ಡ ಇದ್ದಾರೆ. ಮಕ್ಕಳನ್ನು ಎಳೆದು ಉದ್ದ ಮಾಡಲು ನನಗೆ ಬರುವುದಿಲ್ಲ. ಆದುದರಿಂದ ಟೇಬಲ್ ಕತ್ತರಿಸಿದ್ದೇನೆ.' ನಾಲ್ಕೇ ಸಾಲು. ಅದರಲ್ಲಿ ತಿದ್ದಲು ನನಗೆ ಒಂದು ಅಕ್ಷರವೂ ಸಿಗಲಿಲ್ಲ.

ಕೀಲಿಕೈ ಕಿತ್ತುಕೊಂಡರು. ಟೈಮ್ ಟೇಬಲ್ಲಿನಿಂದ ಅವರ ಪೀರಿಯಡ್ಡುಗಳು ಒಂದೊಂದಾಗಿ ಮಾಯವಾದವು. ಬಡಗಿಯನ್ನು ಕರೆಸಿ ಇಪ್ಪತ್ನಾಲ್ಕು ಕಾಲುಗಳಿಗೂ ಮರದ ತುಂಡು ಕೊಟ್ಟು ಮೊಳೆ ಹೊಡೆಸಿ, ಟೇಬಲ್ಲುಗಳನ್ನು ಮೊದಲಿನ ಎತ್ತರಕ್ಕೆ ಏರಿಸಿದರು. ಕುರ್ಚಿಗಳು ಸಭಾಂಗಣಕ್ಕೆ ಹೋದವು, ಸ್ಟೂಲುಗಳು ಬಂದವು. ಆ ಹುಡುಗಿ ಕಂಪ್ಯೂಟರ್ ಬೇಡ ಎಂದು ಹೊಲಿಗೆ ಕ್ಲಾಸು ಸೇರಿಕೊಂಡಳು. ಏಪ್ರಿಲ್ಲಿನಲ್ಲಿ ಮೇಷ್ಟರು ರಾಜೀನಾಮೆ ಕೊಟ್ಟರು. ಸ್ವಇಚ್ಛೆಯಿಂದ ಎಂದು ರಿಜಿಸ್ಟರಿನಲ್ಲಿದೆ. ನಾನು ಪೂರ್ತಿ ಸರ್ವಿಸ್ ಮುಗಿಸಿ, ಶಾಲು ಹೊದೆಸಿಕೊಂಡು, ಗ್ರೂಪ್ ಫೋಟೋದ ನಡುವಿನ ಕುರ್ಚಿಯಲ್ಲಿ ಕೂತು ನಿವೃತ್ತಳಾದೆ.

ಹೋದ ತಿಂಗಳು ಶಾಲೆಯಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಕಾರ್ಯದರ್ಶಿಗಳದೇ ಅಧ್ಯಕ್ಷತೆ. "ಮೇಡಂ ಎರಡು ಮಾತಾಡ್ತಾರೆ" ಎಂದರು. ನಾನು ಎದ್ದು ಎರಡೇ ಮಾತಾಡಿದೆ. "ಮಕ್ಕಳೇ, ಆ ಮೇಷ್ಟ್ರಿಗೆ ಕೊಟ್ಟ ಮೆಮೊ ಬರೆದವಳು ನಾನು. ಅವರು ಮಾಡಿದ್ದು ಸರಿ ಇತ್ತು, ನಾನು ಬರೆದದ್ದು ಸುಳ್ಳು." ಕಾರ್ಯದರ್ಶಿಗಳು ಮೈಕ್ ತೆಗೆದುಕೊಂಡು, "ಮೇಡಂ ಸ್ವಲ್ಪ ಎಮೋಷನಲ್ ಆಗಿದಾರೆ," ಎಂದರು. ಮಕ್ಕಳು ಚಪ್ಪಾಳೆ ತಟ್ಟಿದವು. ಶ್ರದ್ಧಾಂಜಲಿಗೆ ಚಪ್ಪಾಳೆ ತಟ್ಟಬಾರದೆಂದು ಯಾರೋ ಗದರಿದರು.

ಹೊರಗೆ ಬರುವಾಗ ಕಂಪ್ಯೂಟರ್ ರೂಮಿನ ಬಾಗಿಲು ತೆರೆದಿತ್ತು. ಐದನೇ ಕ್ಲಾಸಿನ ಮಕ್ಕಳು ಆಗಲೇ ಬಂದು ಸ್ಟೂಲು ಹತ್ತಿದ್ದವು. ಪರದೆಗಳು ಹೊಸತು, ತೆಳ್ಳಗಿನವು. ಟೇಬಲ್ಲುಗಳು ಅವೇ, ಕಾಲಿಗೆ ಮೊಳೆ ಹೊಡೆದ ತುಂಡುಗಳೂ ಅವೇ. ಒಂದು ಮಗುವಿನ ಕಾಲು ನೆಲಕ್ಕೆ ತಾಗದೆ ಸ್ಟೂಲಿನ ಅಡ್ಡಪಟ್ಟಿಯನ್ನು ಹುಡುಕುತ್ತಿತ್ತು.

ಅವತ್ತೇ ಮನೆಗೆ ಬಂದು ಮಂಡಳಿಗೆ ಒಂದು ಕಾಗದ ಬರೆದೆ. ಈ ಸಲ ಕನ್ನಡದಲ್ಲಿ, ಇದನ್ನು ಯಾರೂ ಯಾರಿಂದಲೂ ಓದಿಸಿಕೊಳ್ಳಬೇಕಾಗಿ ಬರಬಾರದೆಂದು. 'ಕಾಲಿನ ತುಂಡುಗಳನ್ನು ತೆಗೆಸಿ. ಮಕ್ಕಳಿಗೆ ಕುರ್ಚಿ ಕೊಡಿ.' ಉತ್ತರ ಬರಲಿಲ್ಲ. ಮುಂದಿನ ಸೋಮವಾರ ಮತ್ತೆ ಬರೆದೆ, ಅದರ ಮುಂದಿನ ಸೋಮವಾರವೂ. ನಿನ್ನೆ ಐದನೆಯದನ್ನು ಕೈಯಾರೆ ಕೊಟ್ಟು ಬಂದೆ. ಆಫೀಸಿನವರು, "ಎಂತಕ್ಕೆ ಮೇಡಂ ಈ ವಯಸ್ಸಲ್ಲಿ?" ಎಂದರು. ರಸೀತಿ ಕೊಡಿ ಎಂದೆ.